ನಾಗಲಕ್ಷ್ಮಿಯ ಬಲಗೈ

ರಜೆಯ ಮೇಲೆ ಬಂದ ಮಗಳು ಬಸ್ ಇಳಿದು ಓಣಿಯಲ್ಲಿ ನಡೆದು ಬರುವುದನ್ನು ಬಾಲಮ್ಮ ಸುರಪುರದ ತನ್ನ ಮನೆಯ ಬಾಗಿಲಲ್ಲಿ ನಿಂತು ನೋಡಿದಳು. ನೋಡನೋಡುತ್ತ ಅವಳ ಮುಖ ಸಣ್ಣದಾಯಿತು. ಮಗಳ ಎಡಗೈ ಎಲ್ಲರ ಕೈಯಂತೆ ಬೀಸುತ್ತಿತ್ತು. ಬಲಗೈ ಮಾತ್ರ ಸೊಂಟಕ್ಕೆ ಹೊಲಿದಿಟ್ಟಂತೆ ಅಲುಗುತ್ತಿರಲಿಲ್ಲ.

"ಕೈಗೇನಾಗ್ಯದವ್ವಾ? ಲಕ್ವಾ ಹೊಡದದೇನು?"

"ಏನೂ ಆಗಿಲ್ಲಬೇ. ಟ್ರೇನಿಂಗ್‌ನ್ಯಾಗ ಹಂಗ ರೂಢಿ ಆಗ್ಯದ."

ನಾಗಲಕ್ಷ್ಮಿ ಯಾದಗಿರಿಯಲ್ಲಿ ಪೊಲೀಸ್ ಪೇದೆ. ದೊಡ್ಡವರ ಕಾವಲಿಗೆಂದು ಆರಿಸಿ ಆರು ತಿಂಗಳು ಅವಳಿಗೆ ಪಿಸ್ತೂಲಿನ ತರಬೇತಿ ಕೊಟ್ಟಿದ್ದರು. ಬಲಗೈ ಸೊಂಟದ ಪಿಸ್ತೂಲಿನಿಂದ ಗೇಣು ದೂರ ಹೋದರೂ ಅಲ್ಲಿ ಬೈಗುಳ ಬೀಳುತ್ತಿತ್ತು. ಈಗ ಪಿಸ್ತೂಲನ್ನು ಠಾಣೆಯಲ್ಲಿ ಒಪ್ಪಿಸಿ ಬಂದಿದ್ದಳು. ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ.

ಮರುದಿನ ಶಹಾಪುರದಿಂದ ಅವಳನ್ನು ನೋಡಲು ಬರುವವರಿದ್ದರು. ಹುಡುಗ ದೇವು, ಬಸ್ ಕಂಡಕ್ಟರ್. ಅವನ ತಾಯಿ ಭೀಮಮ್ಮ ಮೂರು ಹುಡುಗಿಯರನ್ನು ನಡಿಗೆ ಸರಿಯಿಲ್ಲವೆಂದೇ ಬೇಡವೆಂದವಳು. ಅದಕ್ಕೇ ಸಂಜೆ ತಂದೆ ಯಂಕಣ್ಣ ಮಗಳನ್ನು ಅಂಗಳದಲ್ಲಿ ನಿಲ್ಲಿಸಿ ಕವಾಯತು ಶುರು ಮಾಡಿದ.

"ಎಡಗಾಲ ಮುಂದ, ಬಲಗೈ ಮುಂದ! ಹಾಂ, ನಡಿ."

ಬೇಕೆಂದು ಕೈ ಬೀಸಹೋದರೆ ನಾಗಲಕ್ಷ್ಮಿಯ ಬಲಗಾಲೂ ಬಲಗೈಯೂ ಒಟ್ಟಿಗೆ ಹೊರಟವು. "ಹಂಗಲ್ಲ, ನನ್ನ ನೋಡು" ಎಂದು ಯಂಕಣ್ಣ ತಾನೇ ನಡೆದು ತೋರಿಸಿದ. ನಾಲ್ಕನೆಯ ಹೆಜ್ಜೆಗೆ ಅವನ ಲೆಕ್ಕವೂ ತಪ್ಪಿ, ಎಮ್ಮೆ ನೀರು ಕುಡಿಯುವ ಬಾನಿಯನ್ನು ಎಡವಿ ಕುಸಿದು ಕೂತ.

"ಐವತ್ತೈದು ವರ್ಷ ಛಂದಾಗಿ ನಡದಿದ್ದೆ. ನಿಮ್ಮ ಸಲುವಾಗಿ ಇವತ್ತ ನಡಿಯೂದ ಮರತೆ ನೋಡ್ರಿ."

ಕೊನೆಗೆ ಬಾಲಮ್ಮ ಉಪಾಯ ಕಂಡುಹಿಡಿದಳು. ಎರಡೂ ಕೈಯಲ್ಲಿ ತಟ್ಟೆ ಇದ್ದರೆ ಕೈ ಬೀಸುವ ಮಾತೇ ಇಲ್ಲ.

ಉಪಾಯ ಅರ್ಧ ಫಲಿಸಿತು. ಮರುದಿನ ನಾಗಲಕ್ಷ್ಮಿ ಮಂಡಕ್ಕಿಯ ಸುಸಲಾ ತುಂಬಿದ ತಟ್ಟೆಗಳನ್ನು ಎರಡೂ ಕೈಯಲ್ಲಿ ಹಿಡಿದು ತಂದು ಇಟ್ಟಳು. ಭೀಮಮ್ಮನ ಮುಖ ಅರಳಿತು. ಆದರೆ ಒಂದು ತುತ್ತು ಬಾಯಿಗಿಟ್ಟು, "ಖಾರ ಆಗ್ಯದ ತಂಗಿ, ನೀರು ತಗೊಂಬಾ" ಎಂದುಬಿಟ್ಟಳು. ನಾಗಲಕ್ಷ್ಮಿ ಬರಿಗೈಯಲ್ಲಿ ಅಡುಗೆಮನೆಗೆ ನಡೆದಳು. ಭೀಮಮ್ಮನ ತುತ್ತು ಅಲ್ಲೇ ನಿಂತಿತು.

"ಬಲಗೈ ಯಾಕ ಆಡವಲ್ದು?"

"ನಿನ್ನಿ ಬಾಗಲಕ ಬಡಕೊಂಡಾಳ್ರಿ" ಎಂದಳು ಬಾಲಮ್ಮ.

"ಹುಟ್ಟಿದಾಗಿಂದ ಹಂಗ ಅದರಿ" ಎಂದ ಯಂಕಣ್ಣ.

ಇಬ್ಬರೂ ಒಂದೇ ಉಸಿರಿಗೆ ಹೇಳಿದ್ದರು. ಭೀಮಮ್ಮ ಇಬ್ಬರನ್ನೂ ನೋಡಿ ತಟ್ಟೆ ಕೆಳಗಿಟ್ಟಳು.

ನೀರು ತಂದ ನಾಗಲಕ್ಷ್ಮಿಗೆ ಅಳು ಬಂದಂತಾಯಿತು. ಗುರಿಯಲ್ಲಿ ಇಡೀ ತಂಡಕ್ಕೆ ಎರಡನೆಯವಳಾಗಿ ಬಂದ ಕೈಯನ್ನು ಹೀಗೆ ಸಂತೆಯ ದನದಂತೆ ಪರೀಕ್ಷಿಸುತ್ತಿದ್ದರು.

"ಎರಡೂ ಸುಳ್ಳ್ರಿ. ಪಿಸ್ತೂಲ್ ಕಟ್ಟಿ ಕಟ್ಟಿ ಹಿಂಗಾಗ್ಯದ. ಕೈಯಾಗ ಏನೂ ಐಬಿಲ್ಲ."

"ಬಾಯಿಲೆ ಹೇಳಿದ್ರ ಹ್ಯಾಂಗ? ನನ್ನೆದುರಿಗೆ ಎರಡು ರೊಟ್ಟಿ ಬಡಿ, ನೋಡ್ತೀನಿ."

ಬಾಲಮ್ಮ ಒಲ್ಲದ ಮನಸ್ಸಿನಿಂದ ಒಲೆಯ ಮುಂದೆ ಹಿಟ್ಟಿನ ಡಬ್ಬಿ ತಂದಿಟ್ಟಳು. ಮಗಳ ಕೈಯ ಬಗ್ಗೆ ಅವಳಿಗೆ ಧೈರ್ಯವಿತ್ತು, ರೊಟ್ಟಿಯ ಬಗ್ಗೆ ಇರಲಿಲ್ಲ.

ನಾಗಲಕ್ಷ್ಮಿ ಸೆರಗು ಸಿಕ್ಕಿಸಿ ಕೂತು ಬಡಿದಳು. ಸದ್ದು ಪಕ್ಕದ ಓಣಿಗೂ ಕೇಳಿತು. ಹಿಟ್ಟು ಭೀಮಮ್ಮನ ಹೊಸ ಸೀರೆಗೂ ಹಾರಿತು. ಹಂಚಿಗೆ ಬಿದ್ದ ರೊಟ್ಟಿ ಮೂರು ಕಡೆ ಹರಿದು, ಒಂದು ಮೂಲೆ ದಪ್ಪ, ಒಂದು ಮೂಲೆ ಹಪ್ಪಳ. ಭೀಮಮ್ಮ ಅವಳ ರಟ್ಟೆ ಹಿಚುಕಿ ನೋಡಿದಳು, ರೊಟ್ಟಿಯನ್ನು ಎತ್ತಿ ನೋಡಿದಳು.

"ಕೈ ಗಟ್ಟಿ ಅದವ್ವ. ಲಕ್ವಾ ಹೊಡದದ್ದು ರೊಟ್ಟಿಗಿ."

ಮೊದಲು ನಕ್ಕವಳು ನಾಗಲಕ್ಷ್ಮಿಯೇ. ಅಷ್ಟೊತ್ತು ಪಡಸಾಲೆಯಲ್ಲಿ ಕೂತಿದ್ದ ದೇವು ಅಡುಗೆಮನೆಯ ಬಾಗಿಲಿಗೆ ಬಂದು, ಹರಿದ ರೊಟ್ಟಿಯನ್ನು ತೆಗೆದುಕೊಂಡು ಶೇಂಗಾಹಿಂಡಿ ಹಚ್ಚಿ ತಿಂದ.

"ಯವ್ವಾ, ನೀ ಊರ ಹುಡುಗ್ಯಾರ ನಡಿಗಿ ನೋಡ್ತಿ. ನಾ ನಡಿಯೂದು ಎಂದಾರ ನೋಡೀದೇನು?"

ತಿರುಗಿ ಪಡಸಾಲೆಯಲ್ಲಿ ಒಂದು ಸುತ್ತು ಹಾಕಿದ. ಕಾಲುಗಳ ನಡುವೆ ಒಂದು ಮೊಳ ಅಂತರ; ಇಲ್ಲದ ಟಿಕೆಟ್ ಚೀಲವನ್ನು ಎಡಗೈ ಬಗಲಿಗೆ ಅವಚಿಕೊಂಡಿತ್ತು. ತಿರುಗುವಾಗ ಬಲಗೈ ಬಸ್ಸಿನ ಕಂಬಿಗಾಗಿ ಮೇಲೆ ತಡಕಾಡಿತು.

"ಎಂಟು ವರ್ಷ ಬಸ್ಸಿನ್ಯಾಗ ನಿಂತೀನ್ರಿ" ಎಂದ ನಾಗಲಕ್ಷ್ಮಿಯತ್ತ ನೋಡಿ. "ನೆಲ ಅಲುಗಾಡಂಗಿಲ್ಲ ಅಂದ್ರ ಕಾಲು ನಂಬವಲ್ಲವು."

ನಾಗಲಕ್ಷ್ಮಿ ಅವನನ್ನು ಆಗ ನೆಟ್ಟಗೆ ನೋಡಿದಳು. "ರೊಟ್ಟಿ ಬಡಿಯಾಕ ಬರ್ತದೇನ್ರಿ?"

"ಬರ್ತದ್ರಿ. ರಾತ್ರಿ ಬಸ್ ನಿಲ್ಲೋ ಊರಾಗ ನಾವ ಮಾಡಿ ತಿಂತೀವಿ."

"ಹಂಗಾದ್ರ ನನಗ ಒಪ್ಪಿಗಿ ಅದ."

ಯಾರೂ ಇನ್ನೂ ಕೇಳಿಯೇ ಇರಲಿಲ್ಲ. ಭೀಮಮ್ಮ ಸೀರೆಯ ಹಿಟ್ಟು ಕೊಡವುತ್ತ, "ನನ್ನ ಮಾತು ಯಾರು ಕೇಳ್ತೀರಿ" ಎಂದಳು. ಅದನ್ನೇ ಒಪ್ಪಿಗೆ ಎಂದು ಹಿಡಿದು ಯಂಕಣ್ಣ ಸಕ್ಕರೆ ಹಂಚಿದ.

ಮದುವೆಯ ದಿನ ಅಯ್ಯನವರು ಹೆಣ್ಣನ್ನು ಗಂಡಿನ ಎಡಕ್ಕೆ ಕೂಡಿಸಿದರು. ಹಾಗೆ ಕೂತರೆ, ಸದಾ ಬಿಡುವಾಗಿರಬೇಕೆಂದು ತರಬೇತಿಯಲ್ಲಿ ಕಲಿತ ಬಲಗೈ ಅವನಿಗೆ ಒತ್ತಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ನಾಗಲಕ್ಷ್ಮಿ ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಎದ್ದು ಬಲಗಡೆ ಬಂದು ಕೂತಳು. ಅಯ್ಯನವರು ಎಡಕ್ಕೆ ಕಳಿಸಿದರು. ಮತ್ತೆ ಬಂದಳು. ಮೂರನೆಯ ಸಲಕ್ಕೆ ದೇವು ತಾನೇ ಕೈಮುಗಿದ.

"ಇರ್ಲಿ ಬಿಡ್ರಿ ಅಯ್ಯನವ್ರ. ಇಲ್ಲಿ ರಿಸರ್ವೇಶನ್ ಇಲ್ಲ, ಸೀಟ ಎಲ್ಲಿ ಸಿಕ್ತು ಅಲ್ಲಿ ಕುಂದ್ರಲಿ."

ಮಂಟಪದ ತುಂಬ ನಗು ಎದ್ದಿತು. ಆ ಗದ್ದಲದಲ್ಲೇ ಅಕ್ಷತೆ ಬಿತ್ತು.