ಮುಚ್ಚಳದ ಒಳಗಿನ ಗೀರು

ಇಂಗ್ಲೆಂಡಿನ ಜೇಬುಗಡಿಯಾರ ಕೂಡಿಹಾಕುವ ಹುಚ್ಚು ರಾಮಾಂಜಿನಪ್ಪನವರಿಗೆ ಯಾವಾಗ ಹಿಡಿಯಿತೋ ಅವರಿಗೇ ನೆನಪಿಲ್ಲ. ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿ ಬಸ್ಸಿನ ಹೊತ್ತು ಕೂಗಿ ಕೂಗಿ ಗಂಟಲು ಕಟ್ಟಿತ್ತು. ನಿವೃತ್ತಿಯಾದ ಮೇಲೂ ಹೊತ್ತು ಅವರನ್ನು ಬಿಡಲಿಲ್ಲ. ನಡುಮನೆಯ ಗಾಜಿನ ಬೀರುವಿನಲ್ಲಿ ಇಪ್ಪತ್ತೆರಡು ಗಡಿಯಾರಗಳು, ಹಿಂದಿನ ಮುಚ್ಚಳ ತೆರೆದು, ಫಳಫಳ ಹೊಳೆಯುವಂತೆ ಉಜ್ಜಿ ಇಟ್ಟಂಥವು. ಪ್ರತಿಯೊಂದರ ಕೆಳಗೂ ಚೀಟಿ: ತಯಾರಾದ ಊರು, ಇಸವಿ. ಸುತ್ತಲಿನವರು ಅಜ್ಜನ ಕಾಲದ ಗಡಿಯಾರ ಹಿಡಿದು "ಇದೆಷ್ಟು ಹಳೇದು ನೋಡಿ" ಎಂದು ಬರುತ್ತಲೇ ಇದ್ದರು. ಈಚೆಗೆ ಅವರಿಗೆ ಸಾಕುಸಾಕಾಗಿತ್ತು.

ಮೇಲೂರಿನ ಕೊಂಡಮ್ಮ ಬಂದಾಗಲೂ ಬೇಸರದಲ್ಲೇ ಕನ್ನಡಕ ಏರಿಸಿಕೊಂಡರು. ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಬೆಳ್ಳಿಯ ಗಡಿಯಾರ ತೆಗೆದರು.

"ನಾನು ಹುಟ್ಟಿದ ವಾರದಾಗೆ ನಮ್ಮಪ್ಪ ಶಿಡ್ಲಘಟ್ಟದಾಗೆ ತಗೊಂಡಿದ್ದಂತೆ ಸಾರ್, ಹೊಸಾದು. ಯಾವ ಇಸವಿದು ಹೇಳಿಬಿಡಿ, ನನ್ನ ವಯಸ್ಸು ಗೊತ್ತಾಗ್ತದೆ. ಆಧಾರ್‌ನಾಗೆ ಹುಟ್ಟಿದ್ದು ನಲವತ್ತಾರನೇ ಇಸವಿ ಅಂತ ಅವರೇ ಬರ್ಕೊಂಡವ್ರೆ. ಸಾಯೋದ್ರೊಳಗೆ ನಿಜ ತಿಳೀಬೇಕು ನಂಗೆ."

ಮುಚ್ಚಳ ತೆರೆದು ಹಿಡಿದ ಭೂತಗನ್ನಡಿಯಲ್ಲಿ ಸಿಂಹದ ಮುದ್ರೆ ಕಂಡಿತು, ಲಂಗರು ಕಂಡಿತು, ಪಕ್ಕದಲ್ಲಿ ಪುಟ್ಟ 'ಎ'. ಲಂಗರು ಬರ್ಮಿಂಗ್‌ಹ್ಯಾಮ್ ಊರಿನ ಗುರುತು; ಅಲ್ಲಿಯವರು ಬೆಳ್ಳಿಯ ಮೇಲೆ ಇಸವಿಗೊಂದು ಅಕ್ಷರ ಒತ್ತುತ್ತಿದ್ದರು. ಬೀರುವಿನಲ್ಲೇ ಅಂಥವು ಎರಡಿದ್ದವು. ಪುಸ್ತಕ ತೆರೆಯುವ ಶ್ರಮವೂ ಬೇಕಾಗಲಿಲ್ಲ.

"ಬರ್ಮಿಂಗ್‌ಹ್ಯಾಮ್‌ದು. ಸಾವಿರದ ಒಂಬೈನೂರು. ಈ ಲೆಕ್ಕದಲ್ಲಿ ನಿಮಗೆ ನೂರಿಪ್ಪತ್ತು ದಾಟ್ತು ತಾಯಿ."

ಕೊಂಡಮ್ಮ ನಗಲಿಲ್ಲ. "ಹಂಗಾದ್ರೆ ಅಪ್ಪ ಹೊಸಾದು ಅಂದಿದ್ದು ಸುಳ್ಳಾ?"

ತಮಾಷೆ ಮಾಡಬಾರದಿತ್ತು ಎಂದು ರಾಮಾಂಜಿನಪ್ಪನವರಿಗೆ ನಾಚಿಕೆಯಾಯಿತು. ಉಜ್ಜಿಯಾದರೂ ಕೊಡೋಣವೆಂದು ಪಾಲಿಶ್ ಬಟ್ಟೆ ಎತ್ತಿಕೊಂಡರು. ಮುಚ್ಚಳದ ಒಳಗೆ ಎಂದಿನಂತೆ ಗೀರುಗಳು. ರಿಪೇರಿಯವರು ಸೂಜಿಯಲ್ಲಿ ಗೀಚಿಡುವ ಗುರುತು. ಅವರ ಕಣ್ಣಿಗೆ ಅದು ಯಾವತ್ತೂ ಕೊಳೆಯೇ. ಬಟ್ಟೆ ಒತ್ತುವಷ್ಟರಲ್ಲಿ ಒಂದು ಗೀರು ಕನ್ನಡದ ಹಾಗೆ ಕಂಡಿತು. ಕೈ ನಿಂತಿತು.

"ಶಿಡ್ಲಘಟ್ಟ ೧೪-೮-೫೨" ಎಂದು ನಿಧಾನವಾಗಿ ಓದಿದರು. "ಮಾರೋಕೆ ಮುಂಚೆ ಅಂಗಡಿಯವನು ಬಿಚ್ಚಿ ತೊಳೆದು ತಾರೀಕು ಹಾಕವ್ನೆ. ನಿಮ್ಮಪ್ಪಂಗೆ ಹೊಸಾದು ಅಂತಲೇ ಹೇಳಿರ್ತಾನೆ. ನೀವು ಐವತ್ತೆರಡನೇ ಇಸವಿಯವರು."

"ಆಗಸ್ಟು. ಅಂದ್ರೆ ಶ್ರಾವಣ." ಕೊಂಡಮ್ಮನ ಮುಖ ಅರಳಿತು. "ನೋಡಿ ಸಾರ್, ಆರು ವರ್ಷ ಸುಮ್‌ಸುಮ್ನೆ ಮುದುಕಿ ಮಾಡಿಟ್ಟಿದ್ರು ನನ್ನ."

ಗಡಿಯಾರವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, ಹೊರಡುವ ಮುಂಚೆ ಬೀರುವಿನ ಮುಂದೆ ನಿಂತರು.

"ಇವು ಯಾರ್ಯಾರ ಮನೇವೋ ಪಾಪ. ಇವುಗಳೊಳಗೆ ಏನೇನು ಬರೆದವ್ರೆ ಸಾರ್?"

ಇಪ್ಪತ್ತೆರಡು ಮುಚ್ಚಳಗಳೂ ಕನ್ನಡಿಯಂತಿದ್ದವು. ರಾಮಾಂಜಿನಪ್ಪನವರು ಅವುಗಳತ್ತ ತಿರುಗಿ ನೋಡಿದರು. ಪಾಲಿಶ್ ಬಟ್ಟೆ ಇನ್ನೂ ಕೈಯಲ್ಲೇ ಇತ್ತು.

"ಗೊತ್ತಿಲ್ಲ ತಾಯಿ" ಎಂದರು. "ಎಲ್ಲಾ ನಾನೇ ಉಜ್ಜಿಬಿಟ್ಟೆ."