ಹೆಬ್ಬೆಟ್ಟಿನ ಗೆರೆ

ಆ ತಿಂಗಳೂ ರೇಷನ್ ಸೊಸೈಟಿಯ ಮಿಷನ್ನು ಅಕ್ಕಯಮ್ಮನ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಸೆರಗಿಗೆ ಒರೆಸಿ ಒತ್ತಿದಳು. ತಲೆಗೆ ತಿಕ್ಕಿ ಎಣ್ಣೆ ಹತ್ತಿಸಿ ಒತ್ತಿದಳು. ಎಡಗೈ ಒತ್ತಿದಳು. ಮಿಷನ್ನು ಕೆಂಪು ದೀಪ ಹಚ್ಚಿ ಕೀಂ ಅಂದಿತು.

"ಅಕ್ಕಿ ಇಲ್ಲೇ ಐತಲ್ಲಣ್ಣಾ, ಕಣ್ಮುಂದೆ."

"ಅಕ್ಕಿ ಐತಮ್ಮ, ನೀನೇ ಇಲ್ಲ," ಎಂದ ಅಂಗಡಿಯವನು. "ಮಿಷನ್ ಲೆಕ್ಕದಲ್ಲಿ ನೀನು ಬಂದೇ ಇಲ್ಲ. ನಾನೇನ್ ಮಾಡ್ಲಿ?"

ಫೋನಿಗೆ ಬರುವ ನಂಬರು ಹೇಳಿದ್ದರೂ ಅಕ್ಕಿ ಸಿಗುತ್ತಿತ್ತು. ಆ ಫೋನು ಗಂಡ ಕೊಂಡಪ್ಪನದು. ಅವನು ತೀರಿಹೋದ ಮೇಲೆ ದುಡ್ಡು ಹಾಕಿಸುವವರಿಲ್ಲದೆ ಅದೂ ಹೋಯಿತು. ಮನೆಯಲ್ಲಿ ಉಳಿದವಳು ಅತ್ತೆ ಒಬ್ಬಳು. ಸೊಂಟ ಬಿದ್ದುಹೋದ ಮುದುಕಿ ಮಲಗಿದಲ್ಲೇ ಕೈವಾರದ ಭಜನೆ ಗುನುಗುತ್ತಿದ್ದಳು. ಸೊಸೆಯ ಹೆಜ್ಜೆ ಕೇಳಿದ ಕೂಡಲೇ ಹಾಡು ನಿಲ್ಲಿಸಿ "ತಂದ್ಯೇನೇ?" ಎನ್ನುತ್ತಿದ್ದಳು. ಆ ಮಾತಿಗೆ ಹೆದರಿ ಅಕ್ಕಯಮ್ಮ ಬರೀ ಚೀಲ ಹಿಡಿದು ಹಿತ್ತಲಿಂದ ಒಳಗೆ ಹೋಗುವುದು ಕಲಿತಿದ್ದಳು.

ಅಕ್ಕಯಮ್ಮನೂ ಸೇರಿ ಹಟ್ಟಿಯ ಹೆಂಗಸರೆಲ್ಲ, ಹಟ್ಟಿಗೆ ಅಂಟಿಕೊಂಡಂತೆ ಮೇಲೂರಿನ ದಾರಿಯಲ್ಲಿದ್ದ ವೆಂಕಟರವಣಪ್ಪನ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುವವರು. ಕುದಿಯುವ ತೊಟ್ಟಿಯಲ್ಲಿ ಗೂಡು ಬೇಯುತ್ತದೆ. ಬೆಂದ ಗೂಡಿನ ಎಳೆಯನ್ನು ಬೆರಳಿನಿಂದಲೇ ಹುಡುಕಿ ಎತ್ತಬೇಕು. ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಕೈ ಬೆಳ್ಳಗಾಗಿ ಸುಲಿದು, ಬೆರಳ ತುದಿಗಳು ಗೆರೆ ಅಳಿಸಿ ಸೋಪಿನ ಬಿಲ್ಲೆಯ ಹಾಗೆ ನುಣ್ಣಗಾಗಿದ್ದವು.

ಅಕ್ಕಯಮ್ಮ ಶಿಡ್ಲಘಟ್ಟದ ಆಧಾರ್ ಕೇಂದ್ರಕ್ಕೂ ಹೋಗಿ ಬಂದಿದ್ದಳು. ಅಲ್ಲಿಯವನು ಒಳ್ಳೆಯವನೇ. ಕೈ ಹಿಡಿದು ನೋಡಿದ. "ಒಂದು ತಿಂಗಳು ಬಿಸಿನೀರಿಗೆ ಕೈ ಹಾಕಬೇಡಮ್ಮ. ಗೆರೆ ತಾನೇ ಬರ್ತವೆ."

"ತಿಂಗಳು ಕೈ ಹಾಕದಿದ್ರೆ ಹೊಟ್ಟೆಗೇನು ಹಾಕಣ ಸ್ವಾಮಿ?"

"ಅದಕ್ಕೇ ಅಲ್ವೇನಮ್ಮ ಸರ್ಕಾರ ರೇಷನ್ ಕೊಡೋದು?"

ತಮಾಷೆ ಮಾಡಲು ಅವನು ಆಡಿದ ಮಾತಲ್ಲ. ಅಕ್ಕಯಮ್ಮ ಬಸ್ಸಿನಲ್ಲಿ ಊರು ಬರುವವರೆಗೂ ಆ ಮಾತಿನ ಸುತ್ತಲೇ ಸುತ್ತಿದಳು. ಹೊರಗೆ ಬರುವ ದಾರಿ ಕಾಣಲಿಲ್ಲ.

ಅಷ್ಟರಲ್ಲಿ ಹಟ್ಟಿಗೆ ಮೈಕು ಕಟ್ಟಿದ ಆಟೋ ಬಂತು. 'ಶಾಸಕರ ನಡೆ, ಹಟ್ಟಿಯ ಕಡೆ.' ಶಾಸಕರು ಖುದ್ದು ಬರುತ್ತಾರೆ, ಅಹವಾಲು ಕೇಳುತ್ತಾರೆ, ಸ್ಥಳದಲ್ಲೇ ಪರಿಹಾರ. ಪೆಂಡಾಲು, ಊಟ ಎಲ್ಲ ವೆಂಕಟರವಣಪ್ಪನ ಖರ್ಚು.

"ಹಾರ ಮಾತ್ರ ನೀವು ಕಟ್ಟಬೇಕ್ರಮ್ಮಾ," ಎಂದ ಅವನು. "ರೇಷ್ಮೆ ಸೀಮೆ ಅಂದ್ರೆ ಗೂಡಿನ ಹಾರವೇ ಆಗಬೇಕು. ಎರಡೆಳೆ, ಮೊಣಕಾಲಿನ ತನಕ."

ಗೂಡಿನ ಹಾರಕ್ಕೆ ಚಿಟ್ಟೆ ಕೊರೆದು ಹೊರಬಂದ ಖಾಲಿ ಗೂಡು ಹಾಕುವುದು ವಾಡಿಕೆ. ಶೆಡ್ಡಿನ ಮೂಲೆಯಲ್ಲಿ ಅಂಥ ಗೂಡಿನ ಒಂದು ಚೀಲ ಇತ್ತು ಕೂಡ. ಅಕ್ಕಯಮ್ಮ ಅದನ್ನು ಕಾಲಿನಿಂದ ಸರಿಸಿದಳು.

"ತೂತಾಗಿರೋದನ್ನ ಹಾಕಬೇಡ್ರೇ. ಕೇಳಕ್ಕೆ ಹೋಗ್ತಿರೋದು ನಾವು. ದೇವರಿಗೆ ವಾಸನೆ ನೋಡಿದ ಹೂವ ಏರಿಸ್ತೀವಾ?"

ಆ ಬೆಳಿಗ್ಗೆಯಷ್ಟೇ ಮಾರ್ಕೆಟ್ಟಿನಿಂದ ಬಂದಿದ್ದ ಗೂಡಿನ ರಾಶಿಯಿಂದ ತುಂಬಿದ್ದು, ಬೆಳ್ಳಗಿದ್ದು ಆರಿಸಿದರು. ತೊಟ್ಟಿಯಲ್ಲಿ ಬೆಂದು ಸತ್ತ ಹುಳ ನೋಡಿದವರೇ ಹೊರತು ಬದುಕಿರುವ ಹುಳಕ್ಕೆ ಸೂಜಿ ಚುಚ್ಚಿ ಗೊತ್ತಿದ್ದವರಲ್ಲ. ರಾಮಲಕ್ಷ್ಮಮ್ಮ ದಾರ ಎಳೆಯುತ್ತಾ, "ಇನ್ನೊಂದು ಮೊಳ ಬಿಡ್ರೇ, ಗೆದ್ದ ಮೇಲೆ ಕತ್ತು ದಪ್ಪಗಾಗೈತಂತೆ," ಎಂದಳು. ಎಲ್ಲರೂ ನಕ್ಕರು. ಅಕ್ಕಯಮ್ಮ ನಗಲಿಲ್ಲ. ಒಂದೊಂದು ಗೂಡಿಗೂ ಹರಕೆ ಕಟ್ಟುವವಳ ಹಾಗೆ ತುಟಿ ಆಡಿಸುತ್ತಿದ್ದಳು.

ಮರುದಿನ ಪೆಂಡಾಲಿನ ಬಾಗಿಲಲ್ಲೇ ಒಂದು ಮೇಜು. ಅಹವಾಲು ಇದ್ದವರು ಅಲ್ಲಿ ಹೆಬ್ಬೆಟ್ಟು ಒತ್ತಿ ನಂಬರ್ ಪಡೆಯಬೇಕು. ಮೇಜಿನ ಹಿಂದೆ ಕೂತವಳು ರಾಮಲಕ್ಷ್ಮಮ್ಮನ ಮಗಳು ತನುಜ. ಡಿಗ್ರಿ ಮುಗಿಸಿ ಶಾಸಕರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಅಕ್ಕಯಮ್ಮ ಎತ್ತಿ ಆಡಿಸಿದ ಕೂಸು.

ಅಕ್ಕಯಮ್ಮ ಒತ್ತಿದಳು. ಕೀಂ. ಕೆಂಪು.

"ದೊಡ್ಡಮ್ಮಾ, ಇದು ತಗೊಳ್ತಿಲ್ಲ."

"ಇದು ತಗೊಳ್ಳಲ್ಲ ಅಂತ ಹೇಳಕ್ಕೇ ಬಂದಿರೋದು ಕಣಮ್ಮಾ."

"ನಂಬರ್ ಇಲ್ದೆ ಒಳಗೆ ಮೈಕ್ ಕೊಡಲ್ಲ ದೊಡ್ಡಮ್ಮ. ಸಿಸ್ಟಮ್ ಹಂಗೆ ಮಾಡವ್ರೆ."

"ನಿಂಗೆ ನಾನ್ಯಾರು ಅಂತ ಗೊತ್ತಿಲ್ವೇನೇ?"

"ನಂಗೆ ಗೊತ್ತು..." ತನುಜ ತಲೆ ತಗ್ಗಿಸಿದಳು.

ಹಿಂದಿದ್ದ ರಾಮಲಕ್ಷ್ಮಮ್ಮ ಮುಂದೆ ಬಂದಳು. ಅವಳ ಮನೆಯ ರೇಷನ್ನಿಗೆ ಗಂಡನ ಬೆರಳಿತ್ತು. ಹಾಗಾಗಿ ತನ್ನ ಬೆರಳಿನ ಸುದ್ದಿ ಅವಳಿಗೇ ಗೊತ್ತಿರಲಿಲ್ಲ. "ತಗಿ, ನನ್ನ ಹೆಸರಲ್ಲಿ ನಂಬರ್ ಕೊಡು, ಅವಳ ಕಷ್ಟ ನಾ ಹೇಳ್ತೀನಿ," ಎಂದು ಒತ್ತಿದಳು. ಕೀಂ.

ತನುಜ ಅಮ್ಮನ ಬೆರಳನ್ನು ತನ್ನ ವೇಲಿಗೆ ಒರೆಸಿ, ತಾನೇ ಹಿಡಿದು ಒತ್ತಿಸಿದಳು. ಕೀಂ. ಶೆಡ್ಡಿನ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕೆಂಪು ದೀಪ ಹತ್ತುತ್ತಲೇ ಇತ್ತು.

"ಅಂದ್ರೆ ನಾವ್ಯಾರೂ ಇಲ್ವಾ?" ಎಂದಳು ರಾಮಲಕ್ಷ್ಮಮ್ಮ. ಈ ಸಲ ಅದು ತಮಾಷೆಯ ದನಿಯಾಗಿರಲಿಲ್ಲ.

ಶಾಸಕರು ಬಂದರು. ಕೊರಳಿಗೆ ಹಾರ ಬಿತ್ತು. ಅವರು ಆದ್ಯತೆಗಳನ್ನು ಹೇಳಿದರು: ಜೋಡಿ ರಸ್ತೆ, ಕೆರೆ ಏರಿಯ ಮೇಲೆ ಪಾರ್ಕು, ಹೈಟೆಕ್ ಮಾರುಕಟ್ಟೆ, ಹೆಬ್ಬಾಗಿಲಿಗೊಂದು ಕಮಾನು. "ಎಲ್ಲಕ್ಕಿಂತ ಮೊದಲು ನನ್ನ ತಾಯಂದಿರ ಹಸಿವು!" ಚಪ್ಪಾಳೆ. ಅವರು ಕೆಳಗಿಳಿದು ಬಂದು, ಮುಂದೆ ಕೂತಿದ್ದ ಅಕ್ಕಯಮ್ಮನ ಎರಡೂ ಕೈ ಹಿಡಿದು ಕ್ಯಾಮೆರಾ ಕಡೆ ಎತ್ತಿದರು. "ನೋಡಿ! ಈ ಕೈಗಳೇ ನನ್ನ ಕ್ಷೇತ್ರದ ಆಸ್ತಿ."

"ಸ್ವಾಮಿ, ಈ ಕೈಯ್ಯೇ..." ಅಕ್ಕಯಮ್ಮ ಬಾಯಿ ತೆರೆದಳು.

ಕ್ಯಾಮೆರಾದವನು ಮೂಗು ಮುಚ್ಚಿದ. ಬಿಸಿಲ ಕಾವಿಗೆ ಗೂಡಿನೊಳಗಿನ ಹುಳಗಳು ಒಡೆದಿದ್ದವು. ಸೂಜಿ ಹೋದಲ್ಲೆಲ್ಲ ಕಂದು ರಸ ಇಳಿದು ಶಾಸಕರ ಬಿಳಿ ಶರ್ಟಿನ ಮೇಲೆ ಹೊಟ್ಟೆಯ ತನಕ ಹರಿದಿತ್ತು. ಅವರು ಬಗ್ಗಿ ನೋಡಿಕೊಂಡು ಹಾರವನ್ನು ಕಿತ್ತೆಸೆದರು. "ಏನ್ರೀ ಇದು, ಹೆಣದ ವಾಸನೆ!"

"ಏಮ್ಮೇ, ಮಾನ ತೆಗೆದ್ರಲ್ಲೇ!" ವೆಂಕಟರವಣಪ್ಪ ಕೂಗಾಡಿದ.

ಒಳ್ಳೆಯದು ಅಂತ ಆರಿಸಿದ್ದು ಅಕ್ಕಯಮ್ಮನೇ. ಶಾಸಕರು ಕಾರು ಹತ್ತಿ ಹೊರಟರು. ಆದರೂ ಅವಳು ಕಾರಿನ ಹಿಂದೆ ಓಡಿ ಕಿಟಕಿಗೆ ಕೈ ಒಡ್ಡಿದಳು. "ತಪ್ಪಾಯ್ತು ಬುದ್ಧಿ. ನಿಮ್ಮ ಆಸ್ತಿ ಅಂದ್ರಲ್ಲ ಈ ಕೈಯ್ನ, ಅದನ್ನ ಆ ಮಿಷನ್‌ಗೂ ಒಂದು ಮಾತು ಹೇಳಿ. ಅತ್ತೆ ಉಪವಾಸ ಅವ್ಳೆ."

"ನಂಬರ್ ಐತೇನಮ್ಮ?" ಎಂದರು ಶಾಸಕರು.

"ಇಲ್ಲ."

"ನಂಬರ್ ತಗೊಂಡು ಆಫೀಸ್ ಹತ್ರ ಬಾ, ಮಾಡಣ." ಗಾಜು ಏರಿತು.

ಅಂದು ಸಂಜೆ ಹಟ್ಟಿಯ ಫೋನುಗಳಲ್ಲೆಲ್ಲ ಅಕ್ಕಯಮ್ಮನ ಕೈ ಬಂದಿತ್ತು. ಕಲೆ ಕಾಣದ ಹಾಗೆ ಕತ್ತರಿಸಿದ ವಿಡಿಯೋ. ಒಳಗಿನಿಂದ ಅತ್ತೆ ಕೇಳಿದಳು: "ತಂದ್ಯೇನೇ?"

ಈ ಸಲ ಅಕ್ಕಯಮ್ಮ ಮುಂಬಾಗಿಲಿನಿಂದಲೇ ಒಳಗೆ ಹೋದಳು. "ಇಲ್ಲತ್ತೆ. ಕೊಡ್ಲಿಲ್ಲ."

ಬೆಳಿಗ್ಗೆ ವೆಂಕಟರವಣಪ್ಪ ಶೆಡ್ಡಿಗೆ ಬಂದಾಗ ಒಲೆ ಹೊತ್ತಿತ್ತು, ತೊಟ್ಟಿ ಕುದಿಯುತ್ತಿತ್ತು. ಹೆಂಗಸರು ಹೊರಗೆ ಗೋಡೆಗೆ ಒರಗಿ ಕೂತಿದ್ದರು. ಎಲ್ಲರ ಕೈ ಮಡಿಲಲ್ಲಿತ್ತು. ರಾಮಲಕ್ಷ್ಮಮ್ಮನ ಪಕ್ಕದಲ್ಲಿ, ಕಚೇರಿಗೆ ಹೋಗದೆ, ತನುಜ.

"ಏನಿದು ಮೆರವಣಿಗೆ? ಅಕ್ಕಯಮ್ಮ ಒಬ್ಬಳು ಮನೆಗೆ ಹೋಗಲಿ, ಮಿಕ್ಕವರು ಒಳಗೆ ನಡೀರಿ."

ಯಾರೂ ಏಳಲಿಲ್ಲ.

"ಆಧಾರ್‌ನವರು ಹೇಳವ್ರೆ ಅಣ್ಣಾ," ಎಂದಳು ಅಕ್ಕಯಮ್ಮ. "ಒಂದು ತಿಂಗಳು ಬಿಸಿನೀರಿಗೆ ಕೈ ಹಾಕಬಾರದಂತೆ. ಗೆರೆ ಬರಬೇಕಂತೆ. ಬರಲಿ ಅಂತ ಕೂತಿದ್ದೀವಿ."

"ತಿಂಗಳು ಏನ್ ತಿಂತೀರೇ?"

"ಅದನ್ನ ನಿಮ್ಮ ಶಾಸಕರನ್ನ ಕೇಳಿ," ಎಂದಳು ರಾಮಲಕ್ಷ್ಮಮ್ಮ. "ನಿಮ್ಮ ಬೆರಳಲ್ಲಿ ಗೆರೆ ಐತಲ್ಲ, ನಂಬರ್ ಕೊಡ್ತಾರೆ."

ವೆಂಕಟರವಣಪ್ಪ ಶೆಡ್ಡಿನ ಒಳಗೆ ನೋಡಿದ. ಗೂಡಿನ ರಾಶಿ ಬೆಳ್ಳಗೆ ಬಿದ್ದಿತ್ತು. ಇನ್ನೆರಡು ದಿನ ಬೇಯಿಸದೆ ಬಿಟ್ಟರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ. ಕೊರೆದ ಗೂಡು ನೂಲು ಕೊಡದು. ಅದು ಅವನಿಗೂ ಗೊತ್ತಿತ್ತು, ಹೊರಗೆ ಕೂತವರಿಗೂ ಗೊತ್ತಿತ್ತು.

ಹಟ್ಟಿಯ ಕಡೆಯಿಂದ ಮುದುಕಿಯ ಭಜನೆ ಸಣ್ಣಗೆ ಕೇಳುತ್ತಿತ್ತು. ಅಕ್ಕಯಮ್ಮ ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದಳು. ಇನ್ನೂ ಏನೂ ಮೂಡಿರಲಿಲ್ಲ.