ಓದದೆ ಒತ್ತಿದ ಒಪ್ಪಿಗೆ

ಆಫೀಸಿನಲ್ಲಿದ್ದವರು ನಾಲ್ಕೇ ಮಂದಿ. ಅವರಲ್ಲಿ ಅವಳೇ ಹಿರಿಯಳು, ಮೂವತ್ತೊಂಬತ್ತು ವರ್ಷ. ಹಾಗಾಗಿ ಎಲ್ಲರಿಗೂ ಅಕ್ಕ. ಕಂಪನಿ ಶುರುಮಾಡಿದವನು ಅವಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ‘ಸೂಪರ್’ ಎನ್ನುವುದು ಅವನ ಅಭ್ಯಾಸವಾದ್ದರಿಂದ ಅವನ ಹೆಸರೇ ಸೂಪರ್ ಆಗಿಬಿಟ್ಟಿತ್ತು. ವಾಷಿಂಗ್ ಮಷಿನ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗೆ ಯಂತ್ರ ತಿರುಗಿಸಿ ನೋಡುವಾಗೆಲ್ಲ ಮೇಲಿನ ಮೇಜುಗಳು ನಡುಗುತ್ತಿದ್ದವು.

ಅವರ ಆ್ಯಪ್ ಕೈಕೆಲಸದವರಿಗಾಗಿ ಮಾಡಿದ್ದು. ಬೇರೆ ದೇಶದ ಗಿರಾಕಿ ಕ್ರಿಪ್ಟೊದಲ್ಲಿ ಹಣ ಕಟ್ಟಿದರೆ, ಬ್ಯಾಂಕಿನ ತಾಪತ್ರಯವಿಲ್ಲದೆ ಅದು ಮಾರಿದವರ ವ್ಯಾಲೆಟ್‌ಗೆ ಹೋಗುತ್ತಿತ್ತು. ಹಿಂದಿನ ವರ್ಷದವರೆಗೆ ಅದರ ಕೋಡ್ ಅಷ್ಟನ್ನೂ ಅಕ್ಕನೇ ಬರೆದಿದ್ದಳು. ಆಮೇಲೆ ಸೂಪರ್ ಕೋಡ್ ಬರೆಯುವ ಎಐ ತಂದ. ಅದಕ್ಕೆ ಆಫೀಸಿನವರು ಇಟ್ಟ ಹೆಸರು ಅಳಿಯ. ಅದು ಬೇಕು ಅಂದಿದ್ದನ್ನೆಲ್ಲ ಒದಗಿಸಬೇಕು, ಬೈಯುವ ಹಾಗಿಲ್ಲ. ತಪ್ಪು ತೋರಿಸಿದರೆ ‘ನೀವು ಹೇಳಿದ್ದು ಸರಿ’ ಎಂದು ನಯವಾಗಿ ಒಪ್ಪಿಕೊಂಡು ಇನ್ನೊಂದು ತಪ್ಪು ಮಾಡುತ್ತದೆ.

ಅಳಿಯ ಬರೆಯುವುದು, ಅಕ್ಕ ಓದಿ ‘ಒಪ್ಪಿಗೆ’ ಎಂಬ ಗುಂಡಿ ಒತ್ತುವುದು. ದಿನವಿಡೀ ಅದೇ. ಮೊದಲು ತಾನೇ ಬರೆಯುತ್ತಿದ್ದಾಗ ಸುಸ್ತಾದರೆ ಕೈ ತಾನಾಗಿ ನಿಲ್ಲುತ್ತಿತ್ತು. ಈಗ ಸುಸ್ತಾದರೂ ಕಣ್ಣು ನಿಲ್ಲುತ್ತಿರಲಿಲ್ಲ. ಸಾಲುಗಳ ಮೇಲೆ ಜಾರಿಕೊಂಡು ಹೋಗುತ್ತಿತ್ತು, ಓದಿದ ಹಾಗೇ ಅನ್ನಿಸುತ್ತಿತ್ತು.

ಒಂದು ಮಂಗಳವಾರ ಬೆಳಗ್ಗೆ ಫೋನ್ ಬಂತು. ನಾಟಕದವರಿಗೆ ವಿಗ್ ಮಾಡಿಕೊಡುವ ಹೆಂಗಸು.

“ದುಡ್ಡು ತಲುಪಿದೆ ಅಂತ ನಿಮ್ಮ ಆ್ಯಪ್ ಹೇಳ್ತಿದೆ. ವ್ಯಾಲೆಟ್‌ನಲ್ಲಿ ನೋಡಿದ್ರೆ ಏನೂ ಇಲ್ಲ. ಎರಡು ತಿಂಗಳ ಕೆಲಸ ಕಣಮ್ಮ ಅದು.”

ಹುಡುಕಲು ಅಕ್ಕನಿಗೆ ಅರ್ಧ ಗಂಟೆ ಸಾಕಾಯಿತು. ಮೂರು ವಾರದ ಹಿಂದೆ ಕೋಡ್ ಚೊಕ್ಕ ಮಾಡು ಎಂದು ಅಳಿಯನಿಗೆ ಹೇಳಿದ್ದರು. ವ್ಯಾಲೆಟ್ ವಿಳಾಸ ಪರೀಕ್ಷಿಸುವಾಗ ಏನಾದರೂ ಎಡವಟ್ಟಾದರೆ ಹಣ ಕಳಿಸುವುದನ್ನು ನಿಲ್ಲಿಸಬೇಕಿತ್ತು. ಅಳಿಯ ಅಲ್ಲಿ ನಿಲ್ಲಿಸುವ ಬದಲು ಒಂದು ಮಾದರಿ ವಿಳಾಸ ತುಂಬಿಬಿಟ್ಟಿತ್ತು. ಅದು ಯಾರ ವಿಳಾಸವೂ ಅಲ್ಲ. ಅಲ್ಲಿಗೆ ಬಿದ್ದ ಹಣ ತೆಗೆಯುವ ಕೀಲಿ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಕ್ರಿಪ್ಟೊದಲ್ಲಿ ಹೋದ ಹಣವನ್ನು ವಾಪಸು ಕರೆಯುವ ದಾರಿಯೂ ಇಲ್ಲ. ಪಕ್ಕದಲ್ಲೇ ದಾಖಲೆಯಿತ್ತು: ಸಾವಿರದ ಆರುನೂರು ಸಾಲು ಬಂದದ್ದು ರಾತ್ರಿ ಹನ್ನೊಂದೂ ನಲವತ್ತಕ್ಕೆ, ಒಪ್ಪಿಗೆ ಬಿದ್ದದ್ದು ಹನ್ನೊಂದೂ ನಲವತ್ತನಾಲ್ಕಕ್ಕೆ. ಒಪ್ಪಿದವರ ಜಾಗದಲ್ಲಿ ಅವಳ ಹೆಸರು.

ಅವಳು ಆ ದಾಖಲೆಯನ್ನು ಇನ್ನೊಮ್ಮೆ ಓದಿದಳು. ಆಮೇಲೆ ಸೂಪರ್‌ನನ್ನು ಕರೆದು ತೋರಿಸಿದಳು. ಅವನ ಬಾಯಿಂದ ಅವನ ಮಾಮೂಲಿ ಮಾತು ಹೊರಡಲಿಲ್ಲ.

“ಎಐ ಮಾಡಿದ ತಪ್ಪು ಅಂತ ಹೇಳೋಣ ಅಕ್ಕ. ಈಗ ಅದೆಲ್ಲ ಜನಕ್ಕೆ ಅರ್ಥ ಆಗುತ್ತೆ.”

“ಒತ್ತಿದ್ದು ನಾನು.”

“ಅದು ಅವರಿಗೆ ಹೇಗೆ ಗೊತ್ತಾಗುತ್ತೆ?”

“ನನಗೆ ಗೊತ್ತಲ್ಲ,” ಎಂದು ಅವಳು ಬ್ಯಾಗು ತಗೊಂಡು ಎದ್ದಳು.

ಬಸ್ಸಿನಲ್ಲಿ ಮುಕ್ಕಾಲು ಗಂಟೆ. ವಿಗ್ ಮಾಡುವಾಕೆಯ ಕೋಣೆಯಲ್ಲಿ ಕಪಾಟಿನ ತುಂಬ ಮರದ ತಲೆಗಳು, ಕೆಲವಕ್ಕೆ ಅರ್ಧ ಕೂದಲು. ಆಕೆ ಕಿಟಕಿಯ ಬೆಳಕಿಗೆ ಕೂತು, ಸಣ್ಣ ಕೊಕ್ಕೆಯಿಂದ ಬಲೆಗೆ ಒಂದೊಂದೇ ಕೂದಲು ಗಂಟು ಹಾಕುತ್ತಿದ್ದಳು. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು.

“ಹಾಗಾದ್ರೆ ಯಾರ ಹತ್ರ ಹೋಗಿದೆ? ಅವರನ್ನೇ ಕೇಳಿ.”

“ಯಾರ ಹತ್ರನೂ ಹೋಗಿಲ್ಲ. ಅಲ್ಲಿ ಯಾರೂ ಇಲ್ಲ.”

ಆಕೆಗೆ ಅದು ನಂಬಿಕೆಯಾಗಲು ಹೊತ್ತು ಹಿಡಿಯಿತು. ಕೊಕ್ಕೆ ಕೆಳಗಿಟ್ಟಳು.

“ನೀವು ಓದ್ಲಿಲ್ವಾ, ಅದು ಬರೆದಿದ್ದನ್ನ?”

“ಪೂರ್ತಿ ಓದ್ಲಿಲ್ಲ.”

“ಯಾಕೆ?”

“ಸುಸ್ತಾಗಿತ್ತು.”

“ನನಗೆ ಸುಸ್ತಾಗಲ್ವಾ?” ಆಕೆಯ ದನಿ ಏರಿತು. “ಸುಸ್ತಾಯ್ತು ಅಂತ ನಾನು ಅರ್ಧ ಬೋಳು ವಿಗ್ ಕಳಿಸ್ತೀನಾ?”

ಹಣ ತಾವೇ ತುಂಬಿಕೊಡುತ್ತೇವೆ ಎಂದಳು ಅಕ್ಕ. “ಕೊಡಿ, ಆಮೇಲೆ ಮಾತಾಡೋಣ,” ಎಂದು ಆಕೆ ಮತ್ತೆ ಬಲೆ ಕೈಗೆತ್ತಿಕೊಂಡಳು. ನೀರು ಬೇಕೇ ಎಂದೂ ಕೇಳಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಪ್ಪ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದರು. ಮೂವತ್ತನಾಲ್ಕು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಈಗ ಮಗಳ ಜೊತೆಗಿದ್ದರು. ಮಗಳ ಮುಖ ನೋಡಿ, ಮಡಚುತ್ತಿದ್ದ ಟವೆಲನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಕೂತರು. ಅವಳು ನಡೆದದ್ದನ್ನೆಲ್ಲ ಹೇಳಿದಳು.

“ಒಬ್ಬಳೇ ಓದ್ತೀಯಾ?” ಎಂದರು.

“ಹೂಂ.”

“ನಾವು ಒಬ್ಬರೇ ಓದ್ತಿರ್ಲಿಲ್ಲಮ್ಮ. ಒಬ್ಬ ಗಟ್ಟಿಯಾಗಿ ಓದೋದು, ಇನ್ನೊಬ್ಬ ಕೇಳಿಸ್ಕೊಂಡು ತಾಳೆ ನೋಡೋದು. ಒಬ್ಬನೇ ಓದಿದ್ರೆ ಕಣ್ಣು ತನಗೆ ಬೇಕಾದ್ದನ್ನೇ ಓದ್ಕೊಂಡುಬಿಡುತ್ತೆ.”

ಮರುದಿನದಿಂದ ಅವಳು ಆಫೀಸಿಗೆ ಹೋಗಲಿಲ್ಲ. ಹಣ ಕಳಿಸುವ ಭಾಗದ ಕೋಡನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ತೆರೆದಿಟ್ಟುಕೊಂಡು ಅಪ್ಪನಿಗೆ ಓದಿ ಹೇಳತೊಡಗಿದಳು. ಅಪ್ಪನಿಗೆ ಕೋಡ್ ಎಂದರೆ ತಲೆಬುಡ ತಿಳಿಯದು. ಆದರೆ ಅವಳು ಅವಸರ ಮಾಡಿದ್ದು ತಿಳಿಯುತ್ತಿತ್ತು.

“ಈಗ ಓಡಿದೆ ನೀನು. ವಾಪಸ್ ಬಾ.”

ಅವಳು ವಾಪಸು ಬರುತ್ತಿದ್ದಳು. ಗಂಟಲು ಒಣಗುತ್ತಿತ್ತು. ನಾಲ್ಕನೆಯ ದಿನ ಸೂಪರ್ ಫೋನ್ ಮಾಡಿದ.

“ಅಕ್ಕ, ಬಂಡವಾಳ ಹಾಕೋರು ಸೋಮವಾರ ಬರ್ತಿದ್ದಾರೆ. ಹೊಸದೇನು ತೋರಿಸ್ಲಿ ನಾನು? ಹಳೇದನ್ನ ಓದ್ತಾ ಕೂತಿದ್ದೀವಿ ಅಂತ ಹೇಳ್ಲಾ?”

“ಹೇಳು.”

ಅವನು ಫೋನ್ ಕುಕ್ಕಿದ. ಐದನೆಯ ದಿನ ಅಪ್ಪ, “ಇದನ್ನ ಆಗ್ಲೇ ಓದಿದ್ಯಲ್ಲ,” ಎಂದರು. ಇಲ್ಲ ಎಂದು ಅವಳು ವಾದಿಸಿದಳು. ತಿರುಗಿಸಿ ನೋಡಿದರೆ ಅಪ್ಪ ಹೇಳಿದ್ದೇ ನಿಜ. ಹಣ ಕಳಿಸುವ ಅದೇ ನಾಲ್ಕು ಸಾಲು ಎರಡು ಕಡೆ ಇತ್ತು. ನೆಟ್‌ವರ್ಕ್ ನಡುವೆ ಕೈಕೊಟ್ಟರೆ ಎರಡೂ ಓಡಿ, ಹಣ ಎರಡು ಸಲ ಹೋಗುತ್ತಿತ್ತು. ಇನ್ನೂ ಯಾರಿಗೂ ಹಾಗಾಗಿರಲಿಲ್ಲ, ಅಷ್ಟೇ. ಅವಳು ಅದನ್ನು ಸೂಪರ್‌ಗೆ ಕಳಿಸಿದಳು. ಗಂಟೆಯ ಮೇಲೆ ಉತ್ತರ ಬಂತು: “ಓದಿ ಅಕ್ಕ. ಅವರಿಗೆ ನಾನು ಹೇಳ್ತೀನಿ.”

ಬಂಡವಾಳದವರು ಬಂದರು, ಕೇಳಿದರು, ಆಮೇಲೆ ತಿಳಿಸುತ್ತೇವೆ ಎಂದು ಹೋದರು, ತಿಳಿಸಲಿಲ್ಲ. ಕಂಪನಿ ಮುಚ್ಚಲಿಲ್ಲ, ಬೆಳೆಯಲೂ ಇಲ್ಲ. ವಿಗ್ಗಿನ ಹಣವನ್ನು ಅಕ್ಕ ಮತ್ತು ಸೂಪರ್ ತಮ್ಮ ಸಂಬಳದಿಂದ ಸೇರಿಸಿ ಕಟ್ಟಿದರು. ಅಳಿಯ ಕೆಲಸದಲ್ಲೇ ಉಳಿಯಿತು, ಆದರೆ ಒಮ್ಮೆಗೆ ಐವತ್ತು ಸಾಲಿಗಿಂತ ಹೆಚ್ಚು ಬರೆಯಲು ಅದಕ್ಕೆ ಬಿಡುತ್ತಿರಲಿಲ್ಲ. ಬರೆದದ್ದನ್ನು ಇಬ್ಬರು ಕೂತು ಗಟ್ಟಿಯಾಗಿ ಓದುತ್ತಿದ್ದರು. ಕೆಲಸ ನಿಧಾನವಾಯಿತು. ಸುಸ್ತು ಹೋಗಲಿಲ್ಲ, ಸಂಜೆಗೆ ದನಿಯೇ ಹೊರಡುತ್ತಿರಲಿಲ್ಲ.

ಹಣ ಕೈಸೇರಿದ ವಾರ ವಿಗ್ ಮಾಡುವಾಕೆ ಫೋನ್ ಮಾಡಿದಳು.

“ಬಂತು. ಇನ್ನು ನಿಮ್ಮ ಆ್ಯಪ್ ನನಗೆ ಬೇಡ. ನನ್ನ ಹೆಸರು ತೆಗೆದುಬಿಡಿ.”

“ಆಯ್ತು.”

“ನೀವೇ ಬಂದು ಹೇಳಿದ್ರಲ್ಲ, ಅದಕ್ಕೆ ನಾನು ಎಲ್ಲೂ ದೂರು ಕೊಡ್ಲಿಲ್ಲ. ಅಷ್ಟೇ.”

ಫೋನ್ ಇಟ್ಟಮೇಲೆ ಅಕ್ಕ ಆಕೆಯ ಖಾತೆ ತೆರೆದಳು. ಹೆಸರು, ವಿಳಾಸ, ಮೂರು ವಿಗ್ಗುಗಳ ಫೋಟೋ. ಒಂದೊಂದನ್ನೇ ತಾನೇ ಅಳಿಸಿದಳು. ಏನಾದರೂ ಉಳಿದಿದೆಯೇ ಎಂದು ಮತ್ತೊಮ್ಮೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದಳು. ಅವಳ ಪಾಲಿನ ಐವತ್ತು ಸಾಲು ಇನ್ನೂ ಕಾಯುತ್ತಿತ್ತು.